ಡ್ಯೂಟಿ ಪಟ್ಟಿಯಲ್ಲಿ ನನ್ನ ನಲವತ್ತು ಸಾಲು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಓಡಿಬಂದಿರುವ ಚಾಲಕರೇ, ನಿರ್ವಾಹಕರೇ, ಪ್ರೀತಿಯ ಸಭಿಕರೇ,

ಈ ಡಿಪೋದಲ್ಲಿ ಡ್ಯೂಟಿ ಪಟ್ಟಿ ಹಾಕುವ ನನ್ನನ್ನು ನೀವು ಬೈದದ್ದೇ ಹೆಚ್ಚು. ಇವತ್ತು ಫಲಕ ಕೊಟ್ಟಿದ್ದೀರಿ. ಬರೆದು ತಂದ ಭಾಷಣ ಕೈಯಲ್ಲೇ ಇದೆ, ಆದರೆ ಅದು ಬೆಳಿಗ್ಗೆಯಿಂದ ಸುಳ್ಳಾಗಿ ಕೂತಿದೆ.

ಹೇಗೆ ಅಂತೀರಾ? ನಮ್ಮ ಪಟ್ಟಿ ಮಾಡುವ ತಂತ್ರಾಂಶ ಯಾರೊಬ್ಬರ ಸ್ವತ್ತೂ ಅಲ್ಲ. ಅದರ ಒಳಗನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಎಷ್ಟೋ ಡಿಪೋಗಳು ಅದನ್ನೇ ನಂಬಿವೆ. ಅದು ಒಮ್ಮೆ ಇಲ್ಲೇ ಚಾಲಕನಾಗಿರುವ ನನ್ನ ತಮ್ಮನಿಗೆ ರಾತ್ರಿ ಪಾಳಿಯ ಬೆನ್ನಿಗೇ ಬೆಳಗಿನ ಬಸ್ಸು ಕೊಟ್ಟಿತು. ಅವನು ತೂಕಡಿಸಿ ಡಿಪೋ ಗೋಡೆಗೇ ಗುದ್ದಿದ. ಪ್ರಯಾಣಿಕರು ಇನ್ನೂ ಬಸ್ಸು ಹತ್ತಿರಲಿಲ್ಲ, ಪುಣ್ಯ! ಸಿಟ್ಟಿನಲ್ಲಿ ತಂತ್ರಾಂಶದವರನ್ನು ಬಾಯಿಗೆ ಬಂದಂತೆ ಬೈದು ಬರೆದೆ. ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ಏನೆಂದರು ಗೊತ್ತೇ? "ನೀವ್ ಹೇಳೋದು ಸರಿ ಕಣಮ್ಮ. ತಿದ್ದಿ ಕಳಿಸ್ತೀರಾ?"

ನಾನಾ? ಮೊಬೈಲಿಗೆ ಪಾಸ್‌ವರ್ಡ್ ಹಾಕಿ ಮರೆಯುವ ನಾನಾ? ಆದರೂ ಸೊಸೆಯ ಪಕ್ಕ ಕುಳಿತು ಕೋಡ್ ಬರೆಯುವುದನ್ನು ಕಲಿತೆ. ಕಳಿಸಿದ್ದೆಲ್ಲ ಹಿಂದಕ್ಕೆ ಬಂತು. ಅಳು ಬಂತು, ಮತ್ತೆ ಬರೆದೆ. ಕೊನೆಗೆ ನನ್ನ ನಲವತ್ತು ಸಾಲು ಅದರೊಳಗೆ ಸೇರಿದವು: ರಾತ್ರಿ ದುಡಿದವರಿಗೆ ಬೆಳಿಗ್ಗೆ ಡ್ಯೂಟಿ ಇಲ್ಲ. ಈ ಫಲಕ ಅದಕ್ಕೇ.

ಈಗ ಆ ಹಿರಿಯರ ಕಣ್ಣು ಮಂಜಾಗಿದೆ. ಯಾರ ತಿದ್ದುಪಡಿ ಒಪ್ಪಬೇಕು, ಯಾವುದು ಬೇಡ ಎಂಬ ಹೊಣೆಯನ್ನು ನನ್ನ ತಲೆಗೆ ಕಟ್ಟಿದ್ದಾರೆ. ಬೆಳಿಗ್ಗೆ ಬಂದ ಮೊದಲ ತಿದ್ದುಪಡಿ ಎಲ್ಲಿನವಳೋ ಒಬ್ಬ ಹುಡುಗಿಯದು. "ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಡ್ಯೂಟಿ ಅದಲುಬದಲು ಮಾಡ್ಕೊಂಡೋರ ವಿಷಯದಲ್ಲಿ ನಿಮ್ಮ ಲೆಕ್ಕ ತಪ್ಪುತ್ತೆ. ನಿಮ್ಮದೆಲ್ಲ ತೆಗೆದು ಹೊಸದಾಗಿ ಬರೆದಿದ್ದೀನಿ."

ನನ್ನದನ್ನೆಲ್ಲ ತೆಗೆದು! ಮೈ ಉರಿಯಿತು. ತಪ್ಪು ಹಿಡಿಯಲೆಂದೇ ಪರೀಕ್ಷಿಸಿದೆ. ಅಲ್ಲಿ ಮೂರನೇ ಸಾಲಿನಲ್ಲಿ ಕುಳಿತಿದ್ದಾನಲ್ಲ, ನನ್ನ ಅದೇ ತಮ್ಮ, ನಾಳೆ ಗೆಳೆಯನ ರಾತ್ರಿ ಪಾಳಿ ವಹಿಸಿಕೊಂಡಿದ್ದಾನೆ. ನನ್ನ ಸಾಲುಗಳು ಅವನಿಗೆ ನಾಡಿದ್ದು ಬೆಳಿಗ್ಗೆ ಮತ್ತೆ ಬಸ್ಸು ಕೊಟ್ಟವು. ಅವಳವು ಕೊಡಲಿಲ್ಲ. ಇಲ್ಲಿ ನಾನು ಕೈಯಾರೆ ತಿದ್ದಿಯೇನು, ಉಳಿದ ಡಿಪೋಗಳಲ್ಲಿ ಯಾರಿದ್ದಾರೆ?

ಮನೆಯವರು, "ನೀ ಹೆತ್ತ ಕೂಸು ಕಣೇ ಅದು. ಫಂಕ್ಷನ್ ಮುಗೀಲಿ, ಆಮೇಲೆ ನೋಡು," ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು, ನಿಜ. ಹಾಗಂತ ಹೆಗ್ಗಣದ ಕೈಗೆ ಬಸ್ಸು ಕೊಡಲಾಗುತ್ತದೆಯೇ? ಕೊಡಲಾಗದು. ಆದರೂ ಬೆಳಿಗ್ಗೆಯಿಂದ ಒಪ್ಪಿಗೆಯ ಗುಂಡಿ ಒತ್ತಲು ಕೈ ಬಂದಿಲ್ಲ. ಇದು ಬುದ್ಧಿ ಬೆಳೆದ ಲಕ್ಷಣವೋ, ಬುದ್ಧಿ ಕೆಟ್ಟ ಲಕ್ಷಣವೋ, ನನಗಂತೂ ತಿಳಿಯುತ್ತಿಲ್ಲ.

ಒಂದು ನಿಮಿಷ, ಮೊಬೈಲ್ ತೆಗೆಯುತ್ತೇನೆ... ಕನ್ನಡಕ ಎಲ್ಲಿ... ಹಾಂ.

ಒತ್ತಿದೆ. ನೀವು ಸನ್ಮಾನಿಸಿದ ಕೆಲಸ ಈಗ ಇಲ್ಲ, ಸಭಿಕರೇ. ಫಲಕ ಹಿಂದಿರುಗಿಸಬೇಕೋ ಏನೋ, ಅಧ್ಯಕ್ಷರು ಹೇಳಿದಂತಾಗಲಿ. ಗಾಬರಿಯಾಗಬೇಡಿ, ಅಳು ಬರುತ್ತಿದೆ ಅಷ್ಟೆ, ಯಾಕೆಂದು ಕೇಳಬೇಡಿ. ಮುಖ ಕಾಣದ ಆ ಹುಡುಗಿಗೂ, ಇಷ್ಟು ಹೊತ್ತು ಸಹಿಸಿದ ನಿಮಗೂ ಧನ್ಯವಾದ.

ತಮ್ಮಾ, ನಾಡಿದ್ದು ಬೆಳಿಗ್ಗೆ ನಿಂಗೆ ಬಸ್ಸಿಲ್ಲ ಕಣೋ. ಮಲಕ್ಕೋ.

ಎಲ್ಲರಿಗೂ ನಮಸ್ಕಾರ.