ಇಂಟಿಪೇರಿನ ಜಾಗ

ವಿಶಾಖಪಟ್ಟಣದ ಗಾಜುವಾಕ ಬಸ್ ನಿಲ್ದಾಣದಲ್ಲಿ ನನ್ನ ಹಿಂದೆ ಕನ್ನಡ ಕೇಳಿಸಿತು. ತಲೆ ನರೆತ ಬ್ಯಾಂಕ್ ಮ್ಯಾನೇಜರ್ ತಮ್ಮ ಕ್ಲರ್ಕ್ ಮಂಗಳಾಗೌರಿಯನ್ನು ವಿಜಯವಾಡದ ಬಸ್ಸಿಗೆ ಹತ್ತಿಸಲು ಬಂದಿದ್ದರು.

"ಅವತ್ತು ಫೈಲ್ ಕಳಿಸೋ ಸರ್ವರ್ ಇಂಟಿಪೇರು ಕೇಳ್ತು ಸರ್. ನಮಗೆಲ್ಲಿದೆ ಮನೆತನದ ಹೆಸರು? ಊರು, ಅಪ್ಪ, ಗಂಡ ಎಲ್ಲಾ ಸೇರಿಸಿ ಟೈಪ್ ಮಾಡಿದೆ. ಸರ್ವರ್ ಮಲಗಿಬಿಡ್ತು."

"ಅಷ್ಟುದ್ದ ಯಾರಮ್ಮಾ ಬರೀತಾರೆ?"

"ಉದ್ದ ಆದ್ರೆ ಅದು ಬೇಡ ಅನ್ಬೇಕು. ಅಳತೆ ನೋಡ್ದೆ ನುಂಗ್ತು, ಹೆಚ್ಚಾದದ್ದು ಮೆಮೊರಿಯಲ್ಲಿ ಪಕ್ಕದ ಜಾಗಕ್ಕೆ ಚೆಲ್ತು. ಇದು ಅಪಾಯ ಅಂತ ಅವತ್ತೇ ಹೆಡ್ಡಾಫೀಸಿಗೆ ಮೇಲ್ ಹಾಕಿದೆ."

"ಏನಂದ್ರು?"

"'ಮೇಡಂಗಾರೂ, ಹೆಸರು ಚಿಕ್ಕದು ಮಾಡ್ಕೊಳ್ಳಿ' ಅಂದ್ರು. ಈಗ ಯಾವನೋ ಅದೇ ಜಾಗದಲ್ಲಿ ತನ್ನ ಪ್ರೋಗ್ರಾಮು ತುರುಕಿ ಗ್ರಾಹಕರ ಫೈಲೆಲ್ಲ ಹೊತ್ಕೊಂಡು ಹೋದ. ದಾರಿ ತೋರ್ಸಿದ್ದು ನಾನೇ ಅಂತ ವಿಜಯವಾಡದಲ್ಲಿ ವಿಚಾರಣೆ. ಕೆಲಸ ಹೋಗುತ್ತೆ ಸರ್."

"ಆ ಮೇಲ್ ನಿನ್ನ ಹತ್ರ ಇದೆಯೇನಮ್ಮಾ?"

"ನನ್ನ ಲಾಗಿನ್ ಮುಚ್ಚಿದ್ದಾರೆ. ನಿಮಗೂ ಕಾಪಿ ಹಾಕಿದ್ನಲ್ಲ, ಅದೊಂದೇ ಧೈರ್ಯ."

ಅವರು ರಸ್ತೆಯ ಕಡೆ ನೋಡಿದರು.

"ಆ ಮೇಲ್ ನನಗೆ ಬಂದೇ ಇಲ್ಲ ಅಂತ ನಿನ್ನೆ ವಿಚಾರಣೆಯವರಿಗೆ ಬರ್ಕೊಟ್ಟೆ. ರಿಟೈರ್ ಆಗೋಕೆ ಎಂಟೇ ತಿಂಗಳಿದೆಯಮ್ಮಾ."

ಬಸ್ಸು ಬಂತು. ಅವರು ಹಿಡಿದಿದ್ದ ಬ್ಯಾಗನ್ನು ಅವಳು ಕಿತ್ತುಕೊಂಡು ಹತ್ತಿದಳು.