ಕಡೀ ಮೂಲಿಯ ಸುದ್ದಿ

ಕಂದೀಲು ಸಣ್ಣಗ ಮಾಡ್ರಿ. ಆರಿಸಬ್ಯಾಡ್ರಿ... ಸಣ್ಣಗ ಮಾಡಿದರ ಸಾಕು. ಇದು ಅವರಿವರ ಬಾಯಿಲೆ ಬಂದ ಮಾತಲ್ಲ. ನಮ್ಮ ದೊಡ್ಡವ್ವನ ಮಗ ಅಂಬಣ್ಣನ ಮ್ಯಾಲ ಬಂದದ್ದು. ಅವನೇ ನನ್ನ ಮುಂದ ಕುಂತು ಹೇಳ್ಯಾನ. ಹೇಳುವಾಗ ಒಮ್ಮಿನೂ ತಲಿ ಎತ್ತಲಿಲ್ಲ.

ನಿಜಾಮರ ಕಾಲ. ಗಿಲ್ಟಿ ಬ್ಯಾನಿ, ಅಂದರ ಪ್ಲೇಗು, ಊರೂರು ತಿರಗತಿದ್ದ ವರ್ಷ. ಅಂಬಣ್ಣ ಕುಸನೂರದಾಗ ಬಯಲಾಟ ನೋಡಾಕ ಹೋದಾಂವ, ಅರ್ಧಕ್ಕ ಬಿಟ್ಟು ಒಬ್ಬನೇ ಕಲಬುರ್ಗಿಗೆ ಹೊಳ್ಳಿ ಬರಾಕತ್ತಿದ್ದ. ಯಾಕ ಬಿಟ್ಟಿ ಅಂದರ, "ಮನಸ ನಿಲ್ಲಲಿಲ್ಲ" ಅಂತಿದ್ದ ಅಷ್ಟೇ.

ಮೋಮಿನಪುರದ ಹಿಂದ ಒಂದು ಬಾವಿ ಇತ್ತು. ಅದರ ಸಮೀಪ ಬಂದಾಗ ಗಡಗಡಿ ತಿರುಗಿದ ಸಪ್ಪಳಾತು. ಕಿರ್ರ್... ಕಿರ್ರ್... ಗಾಳಿ ಇದ್ದಿಲ್ಲ. ಹಗ್ಗಾನೂ ಇದ್ದಿಲ್ಲ, ಸಂಜೀಕ ಬಿಚ್ಚಿ ಒಯ್ತಿದ್ದರು. ಅಂಬಣ್ಣ ನಿಂತ. ಗಡಗಡಿನೂ ನಿಂತಿತು. ಆಮ್ಯಾಲ ಕಲ್ಲಿನ ಮ್ಯಾಲ ಕೋಲು ಊರಿದಂಗ... ಟಕ್... ಟಕ್...

"ಅಂಬಣ್ಣಾ."

ಪುತಳಾಬಾಯಿ. ನಮ್ಮ ಓಣಿಯಾಗ ಶೇಂಗಾ ಹುರದು ಮಾರತಿದ್ದ ಮುದುಕಿ.

"ಇಷ್ಟೊತ್ತಿನಾಗ ಎಲ್ಲಿಗವ್ವಾ?"

"ನಿನ್ನ ಹಂತ್ಯಾಕೇ ಬಂದೀನಪ್ಪಾ. ಕಡೀ ಮೂಲಿ ನೀ ಓದಲಿಲ್ಲ."

ಅಂಬಣ್ಣನ ಎದಿ ಧಸಕ್ ಅಂತು. ದೆವ್ವ ಅಂತಲ್ಲ. ಅದು ಅವಗ ಇನ್ನಾ ಗೊತ್ತಿಲ್ಲ. ಎದಿ ಧಸಕ್ ಅಂದದ್ದು, ಆಕಿ ಅಂದದ್ದು ಖರೇ ಇತ್ತಲ್ಲ... ಅದಕ್ಕ.

ಈಗ ಕುತುಬಖಾನಾದ ಮಾತು ಹೇಳಬೇಕು. ನಮ್ಮ ಓಣಿಯವರೇ ಕೂಡಿ ಮಾಡಿದ್ದ ವಾಚನಾಲಯ ಅದು. ಮೋಮಿನಪುರದವರು ಕುತುಬಖಾನಾ ಅಂತಿದ್ದರು, ನಾವೂ ಹಂಗೇ ಅಂದೀವಿ. ಒಂದು ಖೋಲಿ, ಎರಡು ಕಪಾಟು ಪುಸ್ತಕ, ಒಂದು ಜಮಖಾನ, ಮೂಲ್ಯಾಗ ತಣ್ಣೀರಿನ ಗಡಗಿ. ದೀಪದ ಎಣ್ಣಿ ಇವತ್ತು ಒಂದು ಮನಿಯಿಂದ, ನಾಳೆ ಇನ್ನೊಂದು ಮನಿಯಿಂದ. ಓದಾಕ ಬರೋರು ಪುಸ್ತಕ ಮನೀಗೆ ಒಯ್ತಿದ್ದರು. ಬರದೋರೇ ಹೆಚ್ಚು. ಅವರು ಸಂಜೀಕ ಬಂದು ಕೂಡತಿದ್ದರು... ಗಾಣದವರು, ದರ್ಜಿಗಳು, ಗಿರಣಿಯಾಗ ಹತ್ತಿ ಅಳ್ಳಿ ಬಿಡಸೋ ಹೆಣ್ಮಕ್ಕಳು. ಉರ್ದು ಅಖಬಾರ ಓಣಿಯ ವಹಾಬ್ ಓದತಿದ್ದ. ಧಾರವಾಡದ ಕಡಿಂದ ಬರೋ ಕನ್ನಡ ಸುದ್ದಿ ಕಾಗದ ನಮ್ಮ ಅಂಬಣ್ಣ ಓದತಿದ್ದ. ಮಳಿ ಎಲ್ಲಿ ಆತು, ಬೆಲಿ ಎಷ್ಟಾತು, ಬ್ಯಾನಿ ಯಾವ ಊರಿಗೆ ಬಂತು, ಎಲ್ಲಾ ಅವರಿಗೆ ಇವನ ಬಾಯಿಲೇ ತಿಳೀಬೇಕು.

ಪುತಳಾಬಾಯಿ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಕೂಡತಿದ್ಲು. ಒಬ್ಬಾಕಿ ಮಗಳು ಸೂಗಮ್ಮಗ ಕಮಲಾಪುರಕ್ಕ ಕೊಟ್ಟಿದ್ಲು. ದಿನಾ ಕಡೀಕ ಒಂದೇ ಮಾತು ಕೇಳಾಕಿ: "ನಮ್ಮ ಸೂಗಿ ಊರಿಂದೇನರ ಅದೇನಪ್ಪಾ?"

ಆವತ್ತು ಸಂಜೀಕ ಅಂಬಣ್ಣಗ ಬಯಲಾಟದ ಅವಸರ. ದೋಸ್ತರು ಹೊರಗ ನಿಂತಿದ್ದರು. ಕಡೀ ಪುಟದ ಕೆಳಗಿನ ಮೂಲ್ಯಾಗ, ಸಣ್ಣ ಅಕ್ಷರದಾಗ, ಕಮಲಾಪುರ ಅಂತ ಇದ್ದದ್ದು ಅವನ ಕಣ್ಣಿಗೆ ಬಿದ್ದಿತ್ತು. ಬಿದ್ದಿತ್ತರೀ. ನಾಳೆ ಓದಿದರಾತು ಅಂತ ಕಾಗದ ಮಡಚಿಬಿಟ್ಟ.

ಆಕಿ ಕೇಳಿದ್ಲು.

"ಏನಿಲ್ಲವ್ವಾ," ಅಂದ ಇಂವ.

ಕಮಲಾಪುರದಿಂದ ಕೆಂಪು ಬಾಳಿಹಣ್ಣು ತರತಿದ್ದ ಮರೆಪ್ಪನೂ ಅಲ್ಲೇ ಕುಂತಿದ್ದ. ಏನಿಲ್ಲ ಅಂದದ್ದು ಕೇಳಿ, ರುಮಾಲು ಸುತ್ತಿಕೊಂಡು, ರಾತ್ರಿಯೆಲ್ಲಾ ಗಾಡಿ ಹೊಡಕೊಂಡು ಊರಿಗೆ ಹೋದ.

ಅದಕ್ಕೇ ಬಾವಿ ಮುಂದ ಅಂಬಣ್ಣ ತಲಿ ತಗ್ಗಿಸಿದ. "ಬಾರವ್ವಾ, ಓದತೀನಿ," ಅಂದ. ಮುಂದ ಇಂವ. ಹಿಂದ ಟಕ್... ಟಕ್... ಕುತುಬಖಾನಾದ ಕೀಲಿ ತೆಗೆದ. ಕಡ್ಡಿ ಗೀರಿದ, ಚರ್ರ್ ಅಂತ ಹತ್ತಿತು. ತಿರುಗಿ ನೋಡ್ತಾನ, ಆಕಿ ಆಗಲೇ ತನ್ನ ಜಾಗಾದಾಗ ಕುಂತಾಳ.

ಓದಿದ. "ಕಮಲಾಪುರ ಭಾಗದಲ್ಲಿ ಇಲಿಗಳು ಸಾಯುತ್ತಿವೆ. ಜನರು ಕೂಡಲೇ ಮನೆಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳತಕ್ಕದ್ದು. ಕಾಳಿನ ಚೀಲ, ಹಾಸಿಗೆಗಳನ್ನು ಬಿಸಿಲಿಗೆ ಹಾಕದೆ ಮುಟ್ಟತಕ್ಕದ್ದು..." ತಪ್ಪಿದ. "ಅಲ್ಲ... ಮುಟ್ಟತಕ್ಕದ್ದಲ್ಲ."

"ಇನ್ನೊಮ್ಮಿ ಓದು."

ಓದಿದ. ಆಕಿ ತುಟಿ ಅಲ್ಲಾಡತಿದ್ದವು. ಸಣ್ಣ ಹುಡುಗರು ಮಗ್ಗಿ ಬಾಯಿಪಾಠ ಮಾಡಿದಂಗ.

"ಅವ್ವಾ, ತಪ್ಪಾತು," ಅಂದ ಅಂಬಣ್ಣ.

"ಸಾಕು. ದೂರ ಹೋಗಬೇಕು," ಅಂತ ಎದ್ಲು. ಟಕ್... ಟಕ್... ಹೊಸ್ತಿಲು ದಾಟಿದ್ಲು. ಆಮ್ಯಾಲ ಸಪ್ಪಳಿಲ್ಲ.

ಅಂಬಣ್ಣ ಅಲ್ಲೇ ಜಮಖಾನದ ಮ್ಯಾಲ ಬಿದ್ದುಕೊಂಡ. ಹರ್ಯಾಗ ವಹಾಬ್ ಬಂದು ಎಬ್ಬಿಸಿದ.

"ಪುತಳಾ ಮಾ ಹೋಗಿಬಿಟ್ರು, ಅಂಬಣ್ಣ."

"ಎಲ್ಲಿಗೆ?"

"ಸತ್ತು ಹೋದ್ರಪ್ಪಾ. ನಿನ್ನಿ ರಾತ್ರಿ, ಇಶಾ ನಮಾಜಿನ ಹೊತ್ತಿಗೆ. ಇಲ್ಲಿಂದ ಮನೀಗೆ ಹೋಗಿ ಒಲಿ ಮುಂದ ಕುಂತವರು, ಕುಂತಂಗೇ... ರಾತ್ರಿಯೆಲ್ಲಾ ನಾವು ಹೆಣ ಕಾಯ್ದೀವಿ." ಆಮ್ಯಾಲ ಸಣ್ಣ ದನೀಲೆ ಕೇಳಿದ: "ನಡುರಾತ್ರಿ ಇಲ್ಲಿ ದೀಪ ಕಂಡಿತು. ನೀ ಓದೋದು ಓಣಿತನಕ ಕೇಳಸ್ತು. ಒಬ್ಬನೇ ಕುಂತು ಯಾರಿಗೆ ಓದಾಕತ್ತಿದ್ದಿ?"

ಅಂಬಣ್ಣ ಎದ್ದ. ಮಣ್ಣಿಗೆ ಹೋದ, ಹೆಗಲು ಕೊಟ್ಟ. ಮಗಳಿಗೆ ಸುದ್ದಿ ಮುಟ್ಟಸಾಕ ಯಾರು ಹೋಗತೀರಿ ಅಂದಾಗ, "ನಾ ಹೋಗತೀನಿ" ಅಂದ. ಕಾಗದ ಅಂಗಿಯೊಳಗ ಇಟಗೊಂಡು ಕಮಲಾಪುರದ ಗಾಡಿ ಹತ್ತಿದ. ಆ ಊರಿಗೆ ಅಂವ ಹಿಂದ ಒಮ್ಮಿನೂ ಹೋದಾಂವಲ್ಲ.

ಮರುದಿನ ಮುಟ್ಟಿದಾಗ ಸೂಗಮ್ಮನ ಮನೀಗೆ ಕೀಲಿ ಬಿದ್ದಿತ್ತು. ಊರ ಮಂದಿಯೆಲ್ಲಾ ಮನ್ಯಾಗೇ ಇದ್ದರು. ಈಕಿ ಒಬ್ಬಾಕಿ ಗಂಡಗ, ಮಕ್ಕಳಿಗೆ ಎಬ್ಬಿಸಿಕೊಂಡು ಹೊಲಕ್ಕ ಹೋಗ್ಯಾಳ, ತಲಿ ಕೆಟ್ಟದ ಅಂತ ನಗಾಕತ್ತಿದ್ದರು. ಅಂಬಣ್ಣ ಹೊಲಕ್ಕ ಹೋದ. ಜ್ವಾಳದ ದಂಟಿನ ಗುಡಸಲು. ಸುದ್ದಿ ಹೇಳಿದ. ಆಕಿ ಅಳಲಿಲ್ಲ, ಅವನ ಮಾರೀನೇ ನೋಡಿದ್ಲು.

"ಯಾವಾಗ ಹೋದ್ಲಂದ್ರಿ?"

"ಮೊನ್ನೆ, ಇಶಾ ನಮಾಜಿನ ಹೊತ್ತಿಗೆ."

"ನಿನ್ನಿ ಬೆಳಕು ಹರಿಯೂ ಮೊದಲ ಅವ್ವ ನಮ್ಮ ಬಾಗಿಲಿಗೆ ಬಂದಿದ್ಲರೀ. ಒಳಗ ಬಾ ಅಂದರ ಬರಲಿಲ್ಲ. ನಿಂತಲ್ಲೇ ಹೇಳಿದ್ಲು... ಮನೆಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳತಕ್ಕದ್ದು ಅಂತ. ನಮ್ಮವ್ವ ಎಂದರ ಹಂಗ ಮಾತಾಡ್ತಾಳೇನ್ರೀ? ನಡುವ ಒಂದು ಕಡೆ ತಪ್ಪಿದ್ಲು. ಮುಟ್ಟತಕ್ಕದ್ದು ಅಂದ್ಲು, ಮತ್ತ ತಾನೇ, ಅಲ್ಲ, ಮುಟ್ಟತಕ್ಕದ್ದಲ್ಲ ಅಂದ್ಲು."

ಅಂಬಣ್ಣಗ ಅಲ್ಲಿ ನಿಂದ್ರಾಕ ಆಗಲಿಲ್ಲ. ಊರೊಳಗ ಓಡಿದ. ಕಾಗದ ತೆಗೆದು ಓಣಿ ಓಣಿಯಾಗ ನಿಂತು ದೊಡ್ಡ ದನೀಲೆ ಓದಿದ. ಅಚ್ಚಾದ ಕಾಗದ ಕೈಯಾಗಿತ್ತು ನೋಡ್ರಿ, ಮಂದಿ ನಂಬಿದರು. ಸಂಜಿತನಕ ಗಾಡಿ ಹೂಡಿಕೊಂಡು ಹೊಲಕ್ಕ ಹೋದರು. ಮರೆಪ್ಪನೂ ಹೆಂಡತಿ ನೀಲಗಂಗಮ್ಮಗ ಕರಕೊಂಡು ಹೋದ. ಆದರ ಅಂವ ಕಲಬುರ್ಗಿಯಿಂದ ಬಂದವನೇ ಕಾಳಿನ ಚೀಲ ಎಳದು, ಅದರ ಮಗ್ಗಲಿಗೇ ಮಲಗಿ ಎದ್ದಿದ್ದ. ಹೊಲದಾಗ ಜ್ವರ ಬಂತು. ಬಗಲಾಗ ಗಿಲ್ಟಿ ಗಂಟು ಎದ್ದಿತು. ಉಳೀಲಿಲ್ಲ.

ಬ್ಯಾರೆ ಎಲ್ಲಾರೂ ಉಳದರು. ಅಂಬಣ್ಣ ಪುಣ್ಯಾ ಕಟಗೊಂಡ ಅಂತ ಮಂದಿ ಅಂತಿದ್ದರು. ಅದು ಕೇಳಿದರ ಅಂವ ಎದ್ದು ಹೋಗತಿದ್ದ. ಆವತ್ತು ಸಂಜೀಕ ಆ ಮೂಲಿ ಓದಿದ್ದರ, ಮರೆಪ್ಪ ಗಾಡಿ ಹೊಡಕೊಂಡು ಬಂದು ಹೆಂಡತೀಗೆ ಹೊರಗಿಂದಲೇ ಕರೀತಿದ್ದ. ಇಷ್ಟೇ ಅವನ ತಲ್ಯಾಗ. ಅನ್ನ ಮುಂದಿದ್ದರೂ ಅದೇ. ಮುಂದ ಕುತುಬಖಾನಾದಾಗ ಕಾಗದ ಓದುವಾಗ ಔಷಧದ ಜಾಹೀರಾತು, ಛಾಪಖಾನಾದ ಹೆಸರು, ಒಂದಕ್ಷರ ಬಿಡತಿದ್ದಿಲ್ಲ. ಹುಡುಗರು ನಗತಿದ್ದರು. ನಗಲಿ ಅಂತಿದ್ದ.

ಬ್ಯಾನಿ ಇಳದ ಮ್ಯಾಲ, ಮನಸ ಗಟ್ಟಿ ಮಾಡಿಕೊಂಡು ನೀಲಗಂಗಮ್ಮನ ಮನೀಗೆ ಹೋದ. ತಪ್ಪು ಒಪ್ಪಿಕೊಬೇಕು ಅಂತ. ಆಕಿ ಪಡಸಾಲಿಯಾಗ ಕುಂತಿದ್ಲು.

"ತಂಗೀ, ಆ ಸುದ್ದಿ ನನ್ನ ಕೈಯಾಗಿತ್ತು. ಮರೆಪ್ಪ ಮುಂದೇ ಕುಂತಿದ್ದ. ನಾ ಓದಲಿಲ್ಲ."

"ಓದಲಿಲ್ಲ ಅಂತ ಯಾಕಂತೀರಣ್ಣಾ," ಅಂದ್ಲು ಆಕಿ. "ತಪ್ಪು ನಂದು. ನೀವು ಮೊದಲ್ನೇ ಸಲ ಬಂದಾಗ ನಾ ಬಾಗಿಲು ತೆಗೀಲಿಲ್ಲ."

"...ಮೊದಲ್ನೇ ಸಲ?"

"ಅವರು ಇನ್ನಾ ಹಾದ್ಯಾಗ ಇದ್ದರು. ಕತ್ತಲಿತ್ತು. ನೀವು ಕಟ್ಟಿ ಮ್ಯಾಲ ನಿಂತು ಆ ಸುದ್ದೀನೇ ಓದಾಕತ್ತಿದ್ರಿ. ಸಂದ್ಯಾಗಿಂದ ನೋಡಿದೆ, ಗುರುತಿಲ್ಲದ ಗಂಡಸು, ಹುಬ್ಬಿನ ಮ್ಯಾಲ ಗಾಯದ ಕಲಿ. ಒಬ್ಬಾಕಿ ಇದ್ದೆ, ಅಂಜಿದೆ. ಹರ್ಯಾಗ ಅವರು ಬಂದ ಮ್ಯಾಲ ಹೇಳಿದೆ. ಹಂಗಿದ್ದಾಂವ ಓದೋ ಅಂಬಣ್ಣ, ಅವಗ ನಾ ಸಂಜೀಕ ಕಲಬುರ್ಗ್ಯಾಗ ಬಿಟ್ಟು ಬಂದೀನಿ, ಇಲ್ಲಿಗೆ ಹ್ಯಾಂಗ ಬರ್ತಾನ ಅಂತ ನಕ್ಕು ಒಳಗ ಮಲಗಿದರು."

ಅಂಬಣ್ಣ ಆ ರಾತ್ರಿ ಕುತುಬಖಾನಾದಾಗಿದ್ದ. ವಹಾಬ್ ಕಿವೀಲೆ ಕೇಳ್ಯಾನ, ಹರ್ಯಾಗ ಕೈಯಿಟ್ಟು ಎಬ್ಬಿಸ್ಯಾನ. ನಾ ವಹಾಬಗೂ ಕೇಳೀನಿ, ಕಮಲಾಪುರಕ್ಕ ಹೋಗಿ ನೀಲಗಂಗಮ್ಮಗೂ ಕೇಳೀನಿ. ಇಬ್ಬರೂ ಸುಳ್ಳು ಹೇಳೋರಲ್ಲ. ನೀವು ನಂಬ್ರಿ, ಬಿಡ್ರಿ... ಆದದ್ದು ಹಿಂಗೇ. ಆಕಿ ನನಗ ಆ ಕಟ್ಟೀನೂ ತೋರಿಸಿದ್ಲು. ಆವತ್ತು ಅದರ ಮ್ಯಾಲ, ಬಾವಿಯಿಂದ ಎದ್ದು ಬಂದಂಗ, ಬರಿಗಾಲಿನ ಎರಡು ಹಸೀ ಹೆಜ್ಜಿ ಮೂಡಿದ್ದವಂತ. ಹೊತ್ತು ನೆತ್ತಿಗೆ ಏರಿದರೂ ಆರಲಿಲ್ಲಂತ.