ತುಕ್ರ ಪಿಸ್ತೂಲನ್ನು ಮುಟ್ಟಿರಲಿಲ್ಲ

ಹೆಸರು ಸುಂದರ ಶೆಟ್ಟಿ, ತಂದೆ ದೂಮಪ್ಪ ಶೆಟ್ಟಿ, ವಯಸ್ಸು ಮೂವತ್ತಾರು, ಉದ್ಯೋಗ ಸುಂಕದ ಇಲಾಖೆಯಲ್ಲಿ ಹೊರಗಾವಲು, ಊರು ಮಂಗಳೂರಿನ ದೇರೆಬೈಲ್, ಸದ್ಯದ ವಾಸ ಬಂದರಿನಿಂದ ಹೊಳೆಯಾಚೆ ಬೆಂಗ್ರೆಯ ಕಾವಲು ಮನೆಯಲ್ಲಿ ಒಬ್ಬನೇ. ಯಾರೂ ಕರೆಸದೆ ನಾನಾಗಿ ಈ ಠಾಣೆಗೆ ಬಂದು ಬರೆಸುವುದೇನೆಂದರೆ:

ಕಳೆದ ಅಕ್ಟೋಬರಿನಲ್ಲಿ, ಸುಂಕ ತಪ್ಪಿಸಿ ಸರಕು ಇಳಿಸುತ್ತಿದ್ದವರು ನಮ್ಮ ಕಾವಲಿನವನೊಬ್ಬನಿಗೆ ಚೂರಿ ಹಾಕಿದ ಮೇಲೆ, ನಮಗೆ ಆಯುಧ ಕೊಡುವಂತೆ ಆದೇಶ ಬಂತು. 1937ನೇ ನವೆಂಬರ್ 9ರ ಬೆಳಿಗ್ಗೆ ಹತ್ತು ಗಂಟೆಗೆ ಇನ್ಸ್‌ಪೆಕ್ಟರ್ ಆಂಬ್ರೋಸ್ ಅವರು ಮೇಜಿನ ಮೇಲೆ ಒಂದು ರಿವಾಲ್ವರ್, ಒಂದು ಪಿಸ್ತೂಲು ಇಟ್ಟು, ಹಿರಿಯನಾದ ನಾನು ಮೊದಲು ಆರಿಸಬೇಕೆಂದರು. ರಿವಾಲ್ವರಿಗೆ ಆರು ಗುಂಡು. ಒಂದೇ ಕೈಯ ಬೆರಳಿನಿಂದ ಕುದುರೆ ಎಳೆದರೆ ಗುಂಡು ಹಾರುತ್ತದೆ. ಪಿಸ್ತೂಲಿಗೆ ಎಂಟು ಗುಂಡು, ಸೊಂಟಕ್ಕೂ ಹಗುರ. ಆದರೆ ಮೊದಲ ಗುಂಡು ನಳಿಗೆಗೆ ಏರಬೇಕಾದರೆ ಇನ್ನೊಂದು ಕೈಯಿಂದ ಅದರ ಮೇಲ್ಭಾಗವನ್ನು ಬಲವಾಗಿ ಹಿಂದಕ್ಕೆ ಎಳೆದು ಬಿಡಬೇಕು. ನನ್ನ ಎಡ ಮಣಿಕಟ್ಟು 1934ರಲ್ಲಿ ಮುರಿದು ಎರಡು ಬೆರಳುಗಳಿಗೆ ಹಿಡಿತವಿಲ್ಲ. ಇದು ಇಲಾಖೆಗೆ ಗೊತ್ತಿರಲಿಲ್ಲ, ಗೊತ್ತಾದರೆ ಕೆಲಸ ಹೋಗುತ್ತಿತ್ತು. ರಿವಾಲ್ವರ್ ಬೇಕೆಂದರೆ ಯಾಕೆಂದು ಕೇಳುವರು ಎಂದು ಹೆದರಿ ಪಿಸ್ತೂಲು ಆರಿಸಿದೆ.

ಗುಂಡಿನ ಮ್ಯಾಗಝಿನ್ ತುಂಬಿರಬೇಕು, ನಳಿಗೆ ಖಾಲಿ ಇರಬೇಕು, ಅಪಾಯ ಬಂದಾಗ ಮಾತ್ರ ಗುಂಡು ಏರಿಸಬೇಕು ಎಂದು ಅವರು ಆಜ್ಞೆ ಮಾಡಿದರು. ನಾನು ಸಹಿ ಹಾಕಿದೆ. ಅದೇ ದಿನ ಕಾವಲು ಮನೆಯ ಬಾಗಿಲು ಹಾಕಿ, ಪಿಸ್ತೂಲನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ ಬಲಗೈಯಿಂದ ಎಳೆದೆ. ಮೂರನೆಯ ಸಲಕ್ಕೆ ಗುಂಡು ಏರಿತು. ಚೂರಿ ಹಿಡಿದವನು ಅಷ್ಟು ಹೊತ್ತು ಕಾಯುವುದಿಲ್ಲ. ಅಂದಿನಿಂದ ಗುಂಡು ಏರಿಸಿಯೇ, ಕುದುರೆಯನ್ನು ತಡೆಯುವ ಸೇಫ್ಟಿ ಹಾಕಿ ಸೊಂಟದಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಮೊದಲು ಬೆಂಗ್ರೆಯವರು ನನ್ನ ಜಗಲಿಯ ನೆರಳಿನಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು. ಪಿಸ್ತೂಲು ಬಂದ ವಾರದೊಳಗೆ ಬಲೆಗಳು ಇನ್ನೂರು ಗಜ ಆಚೆಗೆ ಹೋದವು. ತುಕ್ರ ಒಬ್ಬ ಮಾತ್ರ ಬರುತ್ತಿದ್ದ. ಈತ ಅಲ್ಲಿಯ ಮೀನು ಹಿಡಿಯುವ ಮೊಗವೀರ, ಸುಮಾರು ನಲವತ್ತು ವರ್ಷ. ಪ್ರತಿ ಸಂಜೆ ಐದೂವರೆಗೆ ನನ್ನನ್ನು ತನ್ನ ದೋಣಿಯಲ್ಲಿ ಬಂದರಿಗೆ ದಾಟಿಸಿ, ನಾನು ವರದಿ ಕೊಟ್ಟು ಬರುವ ತನಕ ಕಾಯುತ್ತಿದ್ದ. ಇಡೀ ದಿನದಲ್ಲಿ ನಾನು ಮಾತಾಡುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ. ನನ್ನ ಬೂಟಿನ ದಾರ ಬಿಚ್ಚಿಕೊಂಡರೆ ಬಗ್ಗಿ ಕಟ್ಟುತ್ತಿದ್ದ. ಕೈಗೆ ಎಂತ ಆಯಿತೆಂದು ಒಮ್ಮೆಯೂ ಕೇಳಲಿಲ್ಲ.

1938ನೇ ಫೆಬ್ರವರಿ 11, ಶುಕ್ರವಾರ, ಸಂಜೆ 5.40ಕ್ಕೆ ದೋಣಿ ಬೆಂಗ್ರೆಯ ದಡ ಬಿಟ್ಟು ಹತ್ತು ಗಜದಲ್ಲಿ ಮರಳಿಗೆ ಸಿಕ್ಕಿತು. ನಾನು ಪಿಸ್ತೂಲಿದ್ದ ಬೆಲ್ಟು ಬಿಚ್ಚಿ ಹಲಗೆಯ ಮೇಲಿಟ್ಟು, ನೀರಿಗೆ ಇಳಿದು ದೂಡಿದೆ. ಬೆಲ್ಟಿಗೆ ನೀರು ಹಾರುತ್ತಿದ್ದುದರಿಂದ ಅದನ್ನು ಎತ್ತಿಡಲು ತುಕ್ರನಿಗೆ ಹೇಳಿದೆ. ಅವನು ಚಾಚಿದ ಕೈಯನ್ನು ತಡೆದು ಕೇಳಿದ:

“ಒಳಗೆ ಗುಂಡು ಏರಿಸಿ ಉಂಟಾ ಶೆಟ್ರೇ?”

“ಇಲ್ಲ ಮಾರಾಯ,” ಎಂದೆ.

ಉಂಟು ಎಂದಿದ್ದರೆ, ಯಾಕೆಂದು ಕೇಳಿ ನನ್ನ ಎಡಗೈಯ ಮಾತು ಬರುತ್ತಿತ್ತು.

ಅವನು ಬೆಲ್ಟಿನ ತುದಿ ಹಿಡಿದು ಎತ್ತಿದ. ಚರ್ಮದ ಚೀಲದ ಗುಂಡಿಯನ್ನು ನಾನು ಹಾಕಿರಲಿಲ್ಲ. ಪಿಸ್ತೂಲು ಜಾರಿ ಹಲಗೆಗೆ ಬಡಿದಾಗ ಗುಂಡು ಹಾರಿತು. ಅದು ತುಕ್ರನ ಬಲ ಮೊಣಕಾಲಿನ ಕೆಳಗೆ ಹೊಕ್ಕಿತು. ಸೇಫ್ಟಿ ಹಾಕಿದ್ದೆನೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ನನ್ನ ರುಮಾಲಿನಿಂದ ಕಾಲು ಕಟ್ಟಿ, ದೋಣಿಯನ್ನು ಮರಳಿನಿಂದ ದೂಡಿ ಬಿಡಿಸಿ, ನಾನು ಹುಟ್ಟು ಹಾಕಲು ಕೂತೆ. ಎಡಗಡೆಯ ಹುಟ್ಟು ಕೈಯಲ್ಲಿ ನಿಲ್ಲದೆ ದೋಣಿ ಇದ್ದಲ್ಲೇ ತಿರುಗಿತು. ಎರಡು ಸುತ್ತು ಬಂದ ಮೇಲೆ ತುಕ್ರನೇ ಮಲಗಿದಲ್ಲಿಂದ ಕೈ ನೀಡಿ ಆ ಹುಟ್ಟನ್ನು ತೆಗೆದುಕೊಂಡ. ಹತ್ತು ನಿಮಿಷದ ದಾರಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು. 13ರಂದು ಆಸ್ಪತ್ರೆಯಲ್ಲಿ ಅವನ ಕಾಲು ಕತ್ತರಿಸಿದರು.

14ರಂದು ಇನ್ಸ್‌ಪೆಕ್ಟರ್ ಅವರು ನನ್ನನ್ನು ಕರೆದು, ಪಿಸ್ತೂಲು ನೋಡುವ ಆಸೆಯಿಂದ ತಾನೇ ಅದನ್ನು ತೆಗೆದು ಕುದುರೆ ಎಳೆದೆನೆಂದು ತುಕ್ರ ಹೇಳಿಕೆ ಕೊಟ್ಟಿದ್ದಾನೆ, ಅವನ ಮೇಲೆ ಕೇಸು ಆಗುತ್ತದೆ, ನಾನು ಸುಮ್ಮನಿದ್ದರೆ ನನ್ನ ಕೆಲಸಕ್ಕೆ ತೊಂದರೆಯಿಲ್ಲ ಎಂದರು. ನಾನು ಒಂದು ದಿನ ಸುಮ್ಮನಿದ್ದೆ.

ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಆಸ್ಪತ್ರೆಗೆ ಹೋದೆ. ವಾರ್ಡಿನ ಬಾಗಿಲಲ್ಲಿ ತುಕ್ರನ ಹೆಂಡತಿ ಅಪ್ಪಿ ಕೂತಿದ್ದಳು. ಗುಂಡು ಇಲ್ಲವೆಂದು ನಾನು ಹೇಳಿದ್ದು ಹೌದಾ ಎಂದು ಕೇಳಿದಳು. ಹೌದು ಎಂದೆ. ಗಂಡ ಯಾಕೆ ತಪ್ಪನ್ನು ತನ್ನ ಮೇಲೆ ಹಾಕಿಕೊಂಡನೆಂದು ಕೇಳಿದೆ.

“ಶೆಟ್ರಿಗೆ ಆ ಕೆಲಸ ಬಿಟ್ಟರೆ ಬೇರೆ ಯಾರುಂಟು ಅಂತ ಹೇಳ್ತಾರೆ,” ಎಂದಳು. “ಇವರಿಗೆ ನಾವು ಇದ್ದೇವಲ್ಲ, ಹಾಗೆ.”

ಆದುದರಿಂದ ತುಕ್ರನ ಹೇಳಿಕೆಯನ್ನು ನಂಬಬಾರದು. ಅವನು ಪಿಸ್ತೂಲನ್ನು ಮುಟ್ಟಿಲ್ಲ. ಆಜ್ಞೆ ಮೀರಿ ಗುಂಡು ಏರಿಸಿಟ್ಟವನೂ, ಕೇಳಿದಾಗ ಸುಳ್ಳು ಹೇಳಿದವನೂ ನಾನು. ಪಿಸ್ತೂಲನ್ನೂ ಉಳಿದ ಏಳು ಗುಂಡುಗಳನ್ನೂ ಒಪ್ಪಿಸಿದ್ದೇನೆ.

ಬರೆದುದನ್ನು ನನಗೆ ಓದಿ ಹೇಳಿದ್ದಾರೆ; ನಾನು ಹೇಳಿದ ಹಾಗೆಯೇ ಇದೆ, ಎಲ್ಲವೂ ನಿಜ. ಒಂದು ಪ್ರಾರ್ಥನೆ: ತುಕ್ರನಿಗೆ ಓದಲು ಬಾರದು. ಇದನ್ನು ಅವನಿಗೆ ತುಳುವಿನಲ್ಲಿ ತಿಳಿಸಿ ಹೇಳಬೇಕು. ನಾನೇ ಹೇಳಬೇಕಿತ್ತು. ನಿನ್ನೆ ಬಾಗಿಲ ತನಕ ಹೋಗಿ ಹಿಂದೆ ಬಂದೆ.

ಮಂಗಳೂರು, 16-2-1938
(ಸಹಿ) ಸುಂದರ ಶೆಟ್ಟಿ